ಗೋಡೆ ಕೇಳಿಸದ ತೊಟ್ಟಿ

ಕಡಲಿನಲ್ಲಿ ಇನ್ನು ದೊಡ್ಡ ಮೀನುಗಳು ಉಳಿಯುವುದಿಲ್ಲ ಎನ್ನುವುದು ಖಚಿತವಾದ ಮೇಲೆ, ಹತ್ತು ಹನ್ನೊಂದು ಜಾತಿಗಳನ್ನಾದರೂ ನೆಲದ ಮೇಲೆ ಸಾಕಿ ಉಳಿಸಿಕೊಳ್ಳಬೇಕೆಂದು ಸರ್ಕಾರ ತೀರ್ಮಾನಿಸಿತು. ಹಿಂದೆಲ್ಲ ಮಳೆಗಾಲ ಮುಗಿಯುವ ಹೊತ್ತಿಗೆ ಆಳದಿಂದ ಆಮ್ಲಜನಕವಿಲ್ಲದ ನೀರು ಕರಾವಳಿಗೆ ಏರಿಬಂದು, ಕೆಲವು ವಾರ ನಿಂತು, ಹಿಂದೆ ಸರಿಯುತ್ತಿತ್ತು. ಒಂದು ವರ್ಷ ಅದು ಸರಿಯಲಿಲ್ಲ. ಮರುವರ್ಷವೂ ಸರಿಯಲಿಲ್ಲ. ಸಣ್ಣ ಮೀನುಗಳು ಮೇಲ್ಪದರದಲ್ಲಿ ಹೇಗೋ ಉಸಿರು ಹಿಡಿದುಕೊಂಡವು. ಬಂಡೆಯ ಸಂದಿಗಳಲ್ಲಿ ಬದುಕುವ ದೊಡ್ಡವು ಸತ್ತು ದಡಕ್ಕೆ ಬಂದು ಬಿದ್ದವು. ಅಷ್ಟರಲ್ಲಿ ದಡವೂ ಬಹಳ ಉಳಿದಿರಲಿಲ್ಲ. ಮಲ್ಪೆಯಿಂದ ಮೂಲ್ಕಿಯವರೆಗಿನ ಕಡಲ ಬದಿಯ ಕೇರಿಗಳಿಗೆಲ್ಲ ನೀರು ನುಗ್ಗಿ, ಅಲ್ಲಿಯ ಜನ ಬೆಳ್ಮಣ್ಣಿನ ಆಚೆಯ ಗುಡ್ಡಗಳ ಮೇಲೆ ಕಟ್ಟಿದ ವಸತಿ ಗೋಪುರಗಳಿಗೆ ಹೋಗಿದ್ದರು.

ಮೀನುಗಳನ್ನು ಸಾಕುವ ಕೇಂದ್ರವೂ ಅಂಥದೇ ಒಂದು ಮುರಕಲ್ಲಿನ ಗುಡ್ಡದ ಮೇಲಿತ್ತು. ಅನ್ವಿತಾ ತಿಂಗಳಾಯ ಅಲ್ಲಿ ಮೀನಿನ ನರಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಅವಳ ವಶಕ್ಕೆ ಬಂದದ್ದು ಎರಡು ಮುರು ಮೀನುಗಳು. ಬಂದಾಗ ಎರಡೂ ಅಂಗೈಯಷ್ಟಿದ್ದವು. ಹಳದಿ ಮೈ, ಕಪ್ಪು ಪಟ್ಟೆ. ನೋಡಲು ಬಂದವರೆಲ್ಲ ಅವುಗಳನ್ನು ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ ಎನ್ನುತ್ತಿದ್ದರು. ಹಿಂದಿನ ಕಾಲದಲ್ಲಿ ಎಷ್ಟೋ ಜನ ಹಾಗೆ ಇಟ್ಟುಕೊಂಡೂ ಇದ್ದರು. ಮುರು ಬೆಳೆದರೆ ಆಳಿಗಿಂತ ಉದ್ದವಾಗುತ್ತದೆ, ಒಂದು ಎಮ್ಮೆಯಷ್ಟು ತೂಗುತ್ತದೆ ಎಂದು ಅವರಿಗೆ ಅದನ್ನು ಕೊಳ್ಳುವಾಗ ಯಾರೂ ಹೇಳಿರಲಿಲ್ಲ.

ಆದ್ದರಿಂದ ಕೇಂದ್ರದ ಮೊದಲ ಜಗಳ ನಡೆದದ್ದು ತೊಟ್ಟಿಯ ಅಳತೆಯ ಬಗ್ಗೆ. ಕೇಂದ್ರದ ನಿರ್ದೇಶಕ ಡಾಕ್ಟರ್ ಜಯರಾಜ ಬಲ್ಲಾಳರು ಮೀನಿನ ಈಗಿನ ಉದ್ದಕ್ಕೆ ತಕ್ಕ ತೊಟ್ಟಿ ಕಟ್ಟೋಣ, ಮುಂದಿನದು ಮುಂದೆ ನೋಡೋಣ ಎಂದರು. ಅನ್ವಿತಾ ಒಪ್ಪಲಿಲ್ಲ. ಮೀನು ತೊಟ್ಟಿಗೆ ತಕ್ಕ ಹಾಗೆ ಬೆಳೆಯುತ್ತದೆ ಎನ್ನುವುದು ಸುಳ್ಳು. ಬೆನ್ನು ಬಾಗುತ್ತದೆ, ರೆಕ್ಕೆ ಸವೆಯುತ್ತದೆ, ಒಳಗಿನ ಅಂಗಗಳು ಕೆಡುತ್ತವೆ, ಕೊನೆಗೆ ಮೀನು ಸಾಯುತ್ತದೆ. ಮರಿಯನ್ನು ನೋಡಿ ಅಳತೆ ಹಾಕುವುದಲ್ಲ, ಮರಿ ಏನಾಗಲಿದೆಯೋ ಅದನ್ನು ನೋಡಿ ಹಾಕಬೇಕು ಎನ್ನುವುದು ಅವಳ ವಾದ. ಬಲ್ಲಾಳರು ಕೆಟ್ಟವರಲ್ಲ. ಹಾಗಾದರೆ ಎಷ್ಟು ದೊಡ್ಡದು ಸಾಕು ಎಂದು ಅವರು ಕೇಳಿದಾಗ ಅವಳ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕಗಳಲ್ಲಿದ್ದುದು ಬರೀ ಅಂದಾಜು. ಮೀನಿನ ಉದ್ದದ ಇಷ್ಟು ಪಟ್ಟು, ಅಷ್ಟು ಪಟ್ಟು ಎಂದು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಮೀನನ್ನು ಯಾರೂ ಕೇಳಿರಲಿಲ್ಲ.

ಅನ್ವಿತಾ ಮೀನನ್ನೇ ಕೇಳುವ ಉಪಕರಣವೊಂದನ್ನು ಮಾಡಿದಳು.

ಮೀನಿನ ಎರಡೂ ಬದಿಯಲ್ಲಿ ಕಿವಿರಿನಿಂದ ಬಾಲದವರೆಗೆ ಪಾರ್ಶ್ವರೇಖೆ ಎಂಬ ಸಣ್ಣ ಗೆರೆ ಇರುತ್ತದೆ. ಮೀನು ಮೈ ಆಡಿಸಿದಾಗ ನೀರಿನಲ್ಲಿ ಏಳುವ ಒತ್ತಡದ ಅಲೆ ಗೋಡೆಗೋ ಬಂಡೆಗೋ ತಾಗಿ ಮರಳಿ ಬಂದರೆ, ಆ ಗೆರೆ ಅದನ್ನು ಗುರುತಿಸುತ್ತದೆ. ಕಣ್ಣು ಕಾಣದ ಮೀನೂ ಗೋಡೆಗೆ ಗುದ್ದದೆ ತಿರುಗುವುದು ಹೀಗೆ. ಅನ್ವಿತಾ ಆ ಗೆರೆಯ ನರದ ಬಳಿ ಅಕ್ಕಿಕಾಳಿಗಿಂತ ಚಿಕ್ಕದಾದ ತುಣುಕೊಂದನ್ನು ಕೂರಿಸಿದಳು. ನರ ಎಷ್ಟು ಸಲ ಮಿಡಿಯುತ್ತದೆ, ಮಿದುಳು ಅದಕ್ಕೆ ಎಷ್ಟು ಬೆದರುತ್ತದೆ ಎನ್ನುವುದನ್ನು ತುಣುಕು ಹೊರಗಿನ ಪರದೆಗೆ ಕಳಿಸುತ್ತಿತ್ತು. ಅದೆಲ್ಲ ಸೇರಿ ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆಯಾಗಿ ಕಾಣುತ್ತಿತ್ತು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು 'ಇಕ್ಕಟ್ಟು' ಎಂದು ಕರೆದರು. ಸೊನ್ನೆ ಎಂದರೆ, ಇಷ್ಟು ಜಾಗ ಸಾಕು ಎಂದು ಮೀನು ಹೇಳುತ್ತಿದೆ. ನೂರು ಮುಟ್ಟಿದರೆ ಅದು ಬದುಕುವುದಿಲ್ಲ.

ಮುರುಗಳು ಮೊಣಕೈಯುದ್ದ ಆಗುವ ಹೊತ್ತಿಗೆ ಅವು ಇದ್ದ ದುಂಡು ತೊಟ್ಟಿಯಲ್ಲಿ ಇಕ್ಕಟ್ಟು ಎಪ್ಪತ್ತು ದಾಟಿತ್ತು. ಅನ್ವಿತಾ ಹಠ ಹಿಡಿದು, ಗುಡ್ಡದ ಬುಡದಲ್ಲಿ ಮುಳುಗಿ ಉಳಿದಿದ್ದ ಹಳೆಯ ಧಕ್ಕೆಯ ಬಾಯಿಗೆ ಒಂದು ತಡೆ ಕಟ್ಟಿಸಿದಳು. ದೋಣಿಗಳು ನಿಲ್ಲುತ್ತಿದ್ದ ಆ ಜಾಗಕ್ಕೆ ಆಮ್ಲಜನಕ ಹಾಯಿಸಿ, ಎರಡೂ ಮೀನುಗಳನ್ನು ಬಿಟ್ಟರು. ಮೊದಲ ದಿನ ಅವು ಧಕ್ಕೆಯ ಗೋಡೆಯ ಉದ್ದಕ್ಕೂ ಸುತ್ತಿದವು. ಆಮೇಲೆ ಮುರಿದ ಕಂಬವೊಂದರ ಅಡಿಯನ್ನು ದೊಡ್ಡದು ತನ್ನದು ಮಾಡಿಕೊಂಡಿತು, ಚಿಕ್ಕದು ಇನ್ನೊಂದು ಮೂಲೆ ಹಿಡಿಯಿತು. ಪರದೆಯ ಸಂಖ್ಯೆ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಕಂಬದಡಿಯ ಮೀನಿನ ಮೈಯ ಪಟ್ಟೆ ಗಾಢವಾಗತೊಡಗಿತು. ಮುರುಗಳೆಲ್ಲ ಹೆಣ್ಣಾಗಿ ಬೆಳೆದು, ಜಾಗ ಸಾಕಷ್ಟಿದ್ದರೆ ಅವುಗಳಲ್ಲಿ ದೊಡ್ಡದು ಮುಂದೆ ಗಂಡಾಗುತ್ತದೆ. ಇದು ಅದರ ಮೊದಲ ಸೂಚನೆ. ಅನ್ವಿತಾ ಧಕ್ಕೆಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಮೊಟ್ಟೆ, ಮರಿ, ಮರಿಗಳ ಮರಿ ಎಲ್ಲ ಅವಳಿಗೆ ಅಲ್ಲೇ ಕಂಡ ಹಾಗಾಯಿತು.

ಆಮ್ಲಜನಕ ಒಂದು ವಾರಕ್ಕಿಂತ ಹೆಚ್ಚು ಸಾಕಾಗಲಿಲ್ಲ. ಮೀನುಗಳನ್ನು ಮತ್ತೆ ಬಲೆಯಲ್ಲಿ ಹಿಡಿದು ದುಂಡು ತೊಟ್ಟಿಗೆ ತಂದರು. ಪಟ್ಟೆ ಮಾಸಿಹೋಯಿತು.

ಈಗ ಅನ್ವಿತಾಳ ಹತ್ತಿರ ಉತ್ತರ ಇತ್ತು. ಬೆಳೆದ ಒಂದು ಜೋಡಿ ಮುರುವಿಗೆ ಧಕ್ಕೆಯಷ್ಟು ಅಗಲದ, ಮೂರಾಳು ಆಳದ ತೊಟ್ಟಿ ಬೇಕು. ಅವಳು ಲೆಕ್ಕವನ್ನೆಲ್ಲ ಒಪ್ಪಿಸಿದಾಗ ಬಲ್ಲಾಳರು ತಡೆಯದೆ ಕೇಳಿದರು. ಆಮೇಲೆ ಕೇಂದ್ರದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಹೇಳಿದರು:

"ಶುದ್ಧ ಮಾಡಿದ ಉಪ್ಪುನೀರು ನಮ್ಮ ಹತ್ರ ಇರುವುದು ಇಷ್ಟೇ ಅನ್ವಿತಾ. ಅದನ್ನೆಲ್ಲ ಮುರುವಿಗೆ ಕೊಟ್ರೆ ಬೇರೆ ಹತ್ತು ಜಾತಿಗೆ ಎಂತ ಕೊಡುವುದು? ಯಾವುದನ್ನು ಸಾಯ್ಲಿಕ್ಕೆ ಬಿಡುವುದು ಅಂತ ನೀವೇ ಹೇಳಿ, ನಾನು ಬರೀತೇನೆ."

ಅವಳು ಯಾವ ಜಾತಿಯ ತೊಟ್ಟಿಗೂ ಗೀಟು ಹೊಡೆಯದೆ ನಕ್ಷೆಯನ್ನು ಮಡಚಿಟ್ಟಳು. ಮುರುವಿಗೆ ಸಿಕ್ಕಿದ್ದು ಧಕ್ಕೆಯ ಹತ್ತನೇ ಒಂದು ಪಾಲಿನ ತೊಟ್ಟಿ.

*

ಅನ್ವಿತಾಳ ಮನೆ ಬೆಳ್ಮಣ್ಣಿನ ಮೂರನೇ ಗೋಪುರದಲ್ಲಿತ್ತು. ಅವಳ ಗಂಡ ತೇಜಸ್ ಶ್ರೀಯಾನ್ ಅದೇ ಗೋಪುರದ ಕರೆಂಟಿನ ಕೆಲಸ ನೋಡಿಕೊಳ್ಳುತ್ತಿದ್ದ. ಜೊತೆಗಿದ್ದವರು ತೇಜಸ್‌ನ ತಾಯಿ ಗುಲಾಬಿ. ಮೂವರಿಗೂ ಒಂದೇ ಕೋಣೆ. ಗೋಡೆಗೆ ಮಡಚುವ ಎರಡು ಮಂಚ, ಒಂದು ಒಲೆ, ತೆರೆಯಲಾಗದ ಒಂದು ಕಿಟಕಿ. ಗುಲಾಬಿ ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಕಡಲಬದಿಯ ಊರೂರು ತಿರುಗಿ ಮೀನು ಮಾರಿದ ಹೆಂಗಸು. ಅವರ ಸ್ವರ ಮೂರು ಗದ್ದೆಯಾಚೆ ಕೇಳುತ್ತಿತ್ತಂತೆ. ಗೋಪುರಕ್ಕೆ ಬಂದ ಮೇಲೆ ಅವರು ಹಗಲೆಲ್ಲ ಕೋಣೆಯ ಹೊರಗೆ ಮೆಟ್ಟಿಲ ತಿರುವಿನಲ್ಲಿ ಕೂರುತ್ತಿದ್ದರು. ಅಲ್ಲಿ ಕೂರುವುದಕ್ಕೆ ಅನುಮತಿ ಇರಲಿಲ್ಲ. ಕಾವಲಿನವರು ಎಬ್ಬಿಸಿ ಒಳಗೆ ಕಳಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಹೊರಗೆ ಬರುತ್ತಿದ್ದರು. ಊಟ ಕಮ್ಮಿಯಾಯಿತು, ನಿದ್ದೆ ಬಿಟ್ಟುಹೋಯಿತು, ಎದೆ ಹಿಡಿದುಕೊಂಡು ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು. ವೈದ್ಯರು ಪರೀಕ್ಷೆ ಮಾಡಿ ಶ್ವಾಸಕೋಶದಲ್ಲಿ ಏನೂ ಇಲ್ಲ ಎಂದರು.

ಒಂದು ಸಂಜೆ ಅನ್ವಿತಾ ಅವರ ಪಕ್ಕ ಮೆಟ್ಟಿಲ ಮೇಲೆ ಕೂತು, ಒಳಗೆ ಏನಾಗುತ್ತದೆ ಅತ್ತೆ ಎಂದು ಕೇಳಿದಳು.

"ಮಾತು ಎಲ್ಲಿಗೂ ಹೋಗುವುದಿಲ್ಲ ಮಗಾ," ಎಂದರು ಗುಲಾಬಿ. "ಬಾಯಿ ಬಿಟ್ರೆ ಗೋಡೆಗೆ ಹೊಡೆದು ನನ್ನ ಮುಖಕ್ಕೇ ವಾಪಸ್ ಬರ್ತದೆ. ಹಾಗೆ ಇರ್ಲಿಕ್ಕೆ ನನಗೆ ಗೊತ್ತಿಲ್ಲ."

ಅತ್ತೆಯ ಸಂಕಟ ಅನ್ವಿತಾಳಿಗೆ ಮೀನಿನ ಸಂಕಟವಾಗಿ ಕೇಳಿಸಿತು. ಜಾಗ ದೊಡ್ಡದು ಮಾಡಲು ಆಗುವುದಿಲ್ಲ. ಆದರೆ ಗೋಡೆಯಿಂದ ಮರಳಿ ಬರುವ ಅಲೆಯನ್ನು ತಡೆದರೆ? ಅಲೆ ಮರಳದಿದ್ದರೆ ಪಾರ್ಶ್ವರೇಖೆಗೆ ಗೋಡೆಯೇ ಇಲ್ಲ. ಗೋಡೆ ಇಲ್ಲದಿದ್ದರೆ ಇಕ್ಕಟ್ಟೂ ಇಲ್ಲ.

ಅವಳೂ ಇಬ್ಬರು ಎಂಜಿನಿಯರುಗಳೂ ಎರಡು ಮಳೆಗಾಲ ಅದಕ್ಕೆ ದುಡಿದರು. ತೊಟ್ಟಿಯ ಒಳಮೈಗೆ ಚರ್ಮದಂಥ ಹಾಳೆಯೊಂದನ್ನು ಹೊದಿಸಿದರು. ಮೀನಿನ ಮೈಯಿಂದ ಹೊರಟ ಅಲೆ ತಾಗುವ ಕ್ಷಣಕ್ಕೆ ಸರಿಯಾಗಿ ಹಾಳೆ ಅದಕ್ಕೆ ವಿರುದ್ಧವಾಗಿ ಕಂಪಿಸಿ ಅದನ್ನು ಅಳಿಸಿಬಿಡುತ್ತಿತ್ತು. ಹಾಳೆಗೆ ಕರೆಂಟು ಕೊಟ್ಟ ದಿನ ಬಲ್ಲಾಳರೂ ಪರದೆಯ ಮುಂದೆ ನಿಂತಿದ್ದರು. ಆಗ ಮುರುಗಳು ಆಳಿನ ಅರ್ಧದಷ್ಟು ಉದ್ದವಾಗಿದ್ದವು, ಇಕ್ಕಟ್ಟು ಎಂಬತ್ತರ ಮೇಲಿತ್ತು. ಸಂಖ್ಯೆ ಒಮ್ಮೆ ತಡವರಿಸಿತು. ಆಮೇಲೆ ಕಲ್ಲು ನೀರಿಗೆ ಬಿದ್ದ ಹಾಗೆ ಸೊನ್ನೆಗೆ ಇಳಿಯಿತು. ಮೀನುಗಳು ಸುತ್ತುವುದನ್ನು ನಿಲ್ಲಿಸಿ ನಡುನೀರಿನಲ್ಲಿ ನಿಂತವು. ಕಿವಿರುಗಳು ನಿಧಾನಕ್ಕೆ ತೆರೆದು ಮುಚ್ಚುತ್ತಿದ್ದವು. ಯಾರೋ ಚಪ್ಪಾಳೆ ತಟ್ಟಿದರು. ಬಲ್ಲಾಳರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಹನ್ನೊಂದು ಜಾತಿಗಳಿಗೂ ಅದೇ ನೀರಿನಲ್ಲಿ ತೊಟ್ಟಿಗಳಾದವು. ಎಲ್ಲ ಪರದೆಗಳ ಮೇಲೂ ಸೊನ್ನೆ.

*

ಅತ್ತೆಗಾಗಿ ಅನ್ವಿತಾ ಆ ಹಾಳೆಯನ್ನು ಗಾಳಿಗೆ ಒಗ್ಗುವಂತೆ ಬದಲಿಸಿದಳು. ಮನುಷ್ಯರೂ ಕೋಣೆಯ ಅಳತೆಯನ್ನು ಕಣ್ಣಿನಿಂದ ಮಾತ್ರ ತಿಳಿಯುವುದಿಲ್ಲ. ಹೆಜ್ಜೆಯ ಸದ್ದು, ಉಸಿರಿನ ಸದ್ದು ಗೋಡೆಯಿಂದ ಮರಳುವುದನ್ನು ಕಿವಿ ಸದಾ ಅಳೆಯುತ್ತಿರುತ್ತದೆ. ಅವಳು ತನ್ನ ಕೋಣೆಯ ನಾಲ್ಕು ಗೋಡೆಗೂ ಚಾವಣಿಗೂ ಹಾಳೆ ಅಂಟಿಸಿ, ಮೂಲೆ ಕಾಣದಂತೆ ಅದರಲ್ಲಿ ಮಸುಕು ಬೆಳಕು ಹಾಯಿಸಿದಳು. ತೇಜಸ್ ಕರೆಂಟಿನ ಎಳೆ ಕೊಟ್ಟ. ಗುಲಾಬಿ ಒಳಗೆ ಬಂದು, ಒಮ್ಮೆ ಕೆಮ್ಮಿ, ಆ ಸದ್ದು ಎಲ್ಲಿಗೋ ಹೋದದ್ದನ್ನು ಕೇಳಿದರು. ಮಂಚದ ಮೇಲೆ ಕೂತರು. ಆ ದಿನ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ಮತ್ತೆ ಅವರು ಮೆಟ್ಟಿಲ ಮೇಲೆ ಕೂರಲಿಲ್ಲ.

ಸುದ್ದಿ ಅಕ್ಕಪಕ್ಕದ ಕೋಣೆಗಳಿಗೆ ಹೋಯಿತು, ಆಮೇಲೆ ಮೇಲಿನ ಮಾಳಿಗೆಗಳಿಗೆ. ಜನ ಬಂದು ಒಂದು ಗಳಿಗೆ ಒಳಗೆ ನಿಂತು ಹೋಗುತ್ತಿದ್ದರು. ಕೆಲವರು ಅತ್ತರು. ವಸತಿ ಪ್ರಾಧಿಕಾರದವರೂ ಬಂದರು. ಅವರು ಅಳಲಿಲ್ಲ, ಅಳತೆ ತೆಗೆದುಕೊಂಡರು. ವರ್ಷ ತಿರುಗುವುದರೊಳಗೆ ಮೂರೂ ಗೋಪುರಗಳ ಎಲ್ಲ ಕೋಣೆಗಳಿಗೂ ಓಣಿಗಳಿಗೂ ಹಾಳೆ ಬಂತು. ಜನ ಅನ್ವಿತಾಳನ್ನು ಹಾದಿಯಲ್ಲಿ ತಡೆದು ಕೈಮುಗಿದರು. ಕಾರವಾರದ ಕಡೆಯಿಂದ ಇನ್ನಷ್ಟು ನಿರಾಶ್ರಿತರು ಬಂದಾಗ ಪ್ರಾಧಿಕಾರ ಹೊಸ ಗೋಪುರ ಕಟ್ಟಿತು. ಅದರ ಕೋಣೆಗಳು ಹಳೆಯದರ ಅರ್ಧದಷ್ಟಿದ್ದವು. ಹಾಳೆ ಇರುವಾಗ ಅಷ್ಟು ಸಾಕು ಎಂದು ಅವರ ಆದೇಶದಲ್ಲಿತ್ತು; ಆಧಾರವಾಗಿ ಕೊಟ್ಟದ್ದು ಕೇಂದ್ರದ ತೊಟ್ಟಿಗಳ ಫಲಿತಾಂಶ. ಹಳೆಯ ಗೋಪುರಗಳಲ್ಲೂ ಪ್ರತಿ ಕೋಣೆಯ ನಡುವೆ ಒಂದು ಅಡ್ಡಗೋಡೆ ಏಳಿಸಿ ಇನ್ನೊಂದು ಸಂಸಾರವನ್ನು ಸೇರಿಸಿದರು. ಅನ್ವಿತಾ, ತೇಜಸ್, ಗುಲಾಬಿ ಮೂವರೂ ಈಗ ಅರ್ಧ ಕೋಣೆಯಲ್ಲಿದ್ದರು. ಒಂದು ಮಂಚ ತೆಗೆದು ತೇಜಸ್ ನೆಲದಲ್ಲಿ ಮಲಗತೊಡಗಿದ. ಗುಲಾಬಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ತಾನು ಹಾಳೆ ಮಾಡಿದ್ದು ಕೋಣೆ ಕಿರಿದು ಮಾಡಲಿಕ್ಕಲ್ಲ ಎಂದು ಅನ್ವಿತಾ ಬಲ್ಲಾಳರ ಹತ್ತಿರ ಹೇಳಿಕೊಂಡಳು. ಅವರು ಸಮಾಧಾನದ ಧ್ವನಿಯಲ್ಲಿ, ಮತ್ತೆ ಎಲ್ಲಿ ಇಡುವುದು ಇಷ್ಟು ಜನರನ್ನು ಎಂದು ಕೇಳಿದರು.

*

ಮುರುಗಳಲ್ಲಿ ಏನೋ ಸರಿಯಿಲ್ಲ ಎನ್ನುವುದು ಅವಳ ಗಮನಕ್ಕೆ ಬಂದದ್ದು ಅದೇ ಸಮಯದಲ್ಲಿ. ದೊಡ್ಡದು ಈಗ ಆಳೆತ್ತರ ಬೆಳೆದಿತ್ತು, ಗಂಡಾಗಬೇಕಾದ ಪ್ರಾಯ. ಪಟ್ಟೆ ಗಾಢವಾಗಲೇ ಇಲ್ಲ. ತೊಟ್ಟಿಯ ತಳದಲ್ಲಿ ಅದಕ್ಕೆಂದು ಕಲ್ಲಿನ ಗುಹೆಯೊಂದನ್ನು ಕಟ್ಟಿದ್ದರು. ಅದರ ಮೇಲೂ ಹಾಳೆ ಹೊದಿಸಿದ್ದರು. ಮೀನು ಅದರತ್ತ ಹೋಗುವುದನ್ನು ಬಿಟ್ಟಿತ್ತು. ಎರಡೂ ಹಗಲೂ ರಾತ್ರಿ ನಡುನೀರಿನಲ್ಲಿ ತೇಲಿಕೊಂಡು, ಆಹಾರ ಬಾಯಿಯ ಮುಂದೆ ಬಂದರೆ ಮಾತ್ರ ತಿನ್ನುತ್ತಿದ್ದವು. ಕೆಲವೊಮ್ಮೆ ಚಿಕ್ಕದು ಇದ್ದಕ್ಕಿದ್ದಂತೆ ನೆಟ್ಟಗೆ ಮುನ್ನುಗ್ಗಿ ಗೋಡೆಗೆ ಗುದ್ದುತ್ತಿತ್ತು. ಅದಕ್ಕೆ ಗೋಡೆ ಇರುವುದೇ ಗೊತ್ತಿರಲಿಲ್ಲ. ಹಿಂದೆ ಸರಿದು, ಏನು ತಾಗಿತೆಂದು ತಿಳಿಯದೆ, ಮತ್ತೆ ಅಲ್ಲಿಗೇ ಗುದ್ದುತ್ತಿತ್ತು. ಮೂತಿ ಕಿತ್ತುಹೋಗಿ ಬಿಳಿಯ ಎಲುಬು ಕಾಣುತ್ತಿತ್ತು. ಒಂದು ಕಣ್ಣು ಹಾಲಿನಂತೆ ಮಸುಕಾಗಿತ್ತು.

ಪರದೆಯ ಮೇಲೆ ಸೊನ್ನೆ.

ಬಲ್ಲಾಳರನ್ನು ಕರೆತಂದು ತೋರಿಸಿದಳು. ಅವರು ಗಾಜಿಗೆ ಹಣೆ ಒತ್ತಿ ನಿಂತು ನೋಡಿ, "ನಿಮ್ಮ ಸಂಖ್ಯೆ ಸೊನ್ನೆ ಹೇಳ್ತದೆ. ಅದಕ್ಕಿಂತ ಹೆಚ್ಚಿಗೆ ನಾನು ಎಂತ ಕೇಳ್ಲಿ?" ಎಂದರು. ಅದರಲ್ಲಿ ಕುಹಕ ಇರಲಿಲ್ಲ. ನಿಜಕ್ಕೂ ಅವರಿಗೆ ತಿಳಿಯಬೇಕಿತ್ತು.

ಅನ್ವಿತಾ ಧಕ್ಕೆಯ ಆ ವಾರದ ದಾಖಲೆಗಳನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಎರಡೂ ಕಡೆ ಇಕ್ಕಟ್ಟು ಸೊನ್ನೆಯೇ. ಆದರೆ ಧಕ್ಕೆಯಲ್ಲಿ ನರ ಸುಮ್ಮನಿರಲಿಲ್ಲ. ಕಂಬದಿಂದ, ಗೋಡೆಯಿಂದ, ಇನ್ನೊಂದು ಮೀನಿನಿಂದ ಬರುತ್ತಿದ್ದ ಅಲೆಗಳನ್ನು ಬೆದರದೆ ಕೇಳುತ್ತ, ನಾನು ಇಲ್ಲಿದ್ದೇನೆ, ಅದು ಅಲ್ಲಿದೆ ಎಂದು ಒಂದೇ ಸಮ ಗುರುತು ಹಾಕಿಕೊಳ್ಳುತ್ತಿತ್ತು. ಹಾಳೆಯ ತೊಟ್ಟಿಯಲ್ಲಿ ನರ ಮೂಕವಾಗಿತ್ತು. ಮೀನಿಗೆ ಜಾಗ ದೊಡ್ಡದಾಗಿರಲಿಲ್ಲ. ಅದಕ್ಕೆ ಜಾಗವೇ ಇಲ್ಲವಾಗಿತ್ತು. ಮುರುವಿಗೆ ಬೇಕಾದದ್ದು ದೂರದಲ್ಲಿರುವ ಗೋಡೆ. ತಾನು ಕೊಟ್ಟದ್ದು ಇಲ್ಲದ ಗೋಡೆ. ಅವಳ ಉಪಕರಣ ಸಂಕಟವನ್ನು ಅಳೆಯುತ್ತಿತ್ತು, ಬದುಕನ್ನಲ್ಲ.

ಹಾಳೆಯ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಮೀನುಗಳನ್ನು ಗೋಡೆಗೆ ಮತ್ತೆ ಒಗ್ಗಿಸಲು ನೋಡಿದರು. ಕೂದಲೆಳೆಯಷ್ಟು ಇಳಿಸಿದರೂ ಸಂಖ್ಯೆ ಒಮ್ಮೆಗೇ ತೊಂಬತ್ತಕ್ಕೆ ಹಾರುತ್ತಿತ್ತು. ವರ್ಷಗಟ್ಟಲೆ ಏನನ್ನೂ ಕೇಳದ ನರಕ್ಕೆ ಒಂದು ಪಿಸುಮಾತೂ ಗುಡುಗಾಗಿತ್ತು. ಅನ್ವಿತಾ ಇನ್ನೂ ನಿಧಾನಿಸಿದಳು. ಇಳಿಸುವುದು, ವಾರಗಟ್ಟಲೆ ಕಾಯುವುದು, ಮತ್ತೆ ಇಳಿಸುವುದು. ಆ ಬೇಸಿಗೆಯ ಒಂದು ಬೆಳಿಗ್ಗೆ ಚಿಕ್ಕ ಮುರು ತೊಟ್ಟಿಯ ಉದ್ದಕ್ಕೂ ಬಾಣದಂತೆ ನುಗ್ಗಿ, ನೀರಿನಿಂದ ಮೇಲೆ ಚಿಮ್ಮಿ, ಕಟ್ಟೆಯ ಕಾಂಕ್ರೀಟಿನ ಮೇಲೆ ಬಿತ್ತು. ನಾಲ್ಕು ಜನ ಸೇರಿ ಅದನ್ನು ನೀರಿಗೆ ಎಳೆಯುವಷ್ಟರಲ್ಲಿ ಅದು ಸತ್ತಿತ್ತು. ಅನ್ವಿತಾ ಒದ್ದೆ ಬಟ್ಟೆಯಲ್ಲೇ ಓಡಿಹೋಗಿ ಹಾಳೆಯನ್ನು ಪೂರ್ತಿ ಶಕ್ತಿಗೆ ಏರಿಸಿದಳು. ದೊಡ್ಡದು ಉಳಿಯಿತು.

ಒಂದೇ ಮೀನು ಉಳಿದ ಮೇಲೆ ಅದು ಗಂಡಾದರೂ ಹೆಣ್ಣಾದರೂ ವ್ಯತ್ಯಾಸವಿರಲಿಲ್ಲ.

*

ಮೀನಿನ ವಿಷಯ ಮುಗಿದಿತ್ತು. ಜನರ ವಿಷಯ ಮುಗಿದಿಲ್ಲ ಎಂದು ಅನ್ವಿತಾ ನಂಬಿದ್ದಳು. ಪ್ರಾಧಿಕಾರಕ್ಕೆ ಹೋಗಿ, ಹಾಳೆಯೊಳಗೆ ಹೆಚ್ಚು ಕಾಲ ಇದ್ದವರಿಗೆ ಅದನ್ನು ತೆಗೆದರೆ ತಡೆದುಕೊಳ್ಳಲಾಗದು, ಈಗಲೇ ಹೊಸಬರಿಗೆ ಕೊಡುವುದನ್ನು ನಿಲ್ಲಿಸಿ, ಉಳಿದವರಿಗೂ ತಡವಾಗುವ ಮುಂಚೆ ಮೆಲ್ಲಮೆಲ್ಲಗೆ ಬಿಡಿಸಿ ಎಂದು ಹೇಳಿದಳು. ಅವರು ಅದನ್ನು ಜನರ ಮುಂದೆಯೇ ಹೇಳಿ ಎಂದು ಗೋಪುರದ ಸಭಾಂಗಣದಲ್ಲಿ ಸಭೆ ಕರೆದರು. ನೂರಾರು ಜನ ಸೇರಿದ್ದರು. ಅವಳು ಮುರುವಿನ ಕತೆಯನ್ನು ಏನೂ ಮುಚ್ಚಿಡದೆ ಹೇಳಿದಳು. ಮುಗಿದ ಮೇಲೆ ಆರನೇ ಮಾಳಿಗೆಯ ಇಗ್ನೇಶಿಯಸ್ ಎನ್ನುವವರು ಎದ್ದರು. ಹಿಂದೆ ಬಡಗಿಯಾಗಿದ್ದವರು, ಈಗ ಐದು ಜನರ ಸಂಸಾರದೊಂದಿಗೆ ಅರ್ಧ ಕೋಣೆಯಲ್ಲಿದ್ದವರು.

"ಡಾಕ್ಟ್ರೇ, ನೀವು ಹೇಳಿದ್ದು ಸರಿಯೇ ಇರಬಹುದು," ಎಂದರು. "ಹಾಳೆ ತೆಗೆದ್ರೆ ನಮಗೆ ದೊಡ್ಡ ಕೋಣೆ ಯಾರು ಕೊಡ್ತಾರೆ, ಅದನ್ನು ಹೇಳಿ."

ಅವಳು ಪ್ರಾಧಿಕಾರದವರ ಕಡೆ ನೋಡಿದಳು. ಅವರು ತಮ್ಮ ಕಾಗದಗಳನ್ನು ನೋಡಿಕೊಂಡರು.

"ಯಾರೂ ಕೊಡುವುದಿಲ್ಲ. ಹಾಗಾದ್ರೆ ಇದ್ದದ್ದನ್ನು ಯಾಕೆ ತೆಗೀತೀರಿ?" ಎಂದು ಹೇಳಿ ಇಗ್ನೇಶಿಯಸ್ ಕೂತರು. ಹಿಂದಿನಿಂದ ಹಲವರು ಹೌದೆಂದು ಗೊಣಗಿದರು. ಸಭೆ ಮುಗಿದ ಮೇಲೆ ಅವಳಿಗೆ ಯಾರೂ ದಾರಿಯಲ್ಲಿ ಕೈಮುಗಿಯಲಿಲ್ಲ. ಒಬ್ಬಾಕೆ ಮಾತ್ರ ಹತ್ತಿರ ಬಂದು ಅವಳ ಕೈ ಹಿಡಿದು, ದಯವಿಟ್ಟು ಅದನ್ನು ತೆಗೆಸಬೇಡಿ ಎಂದು ಬೇಡಿಕೊಂಡಳು.

ಮಳೆ ಹಿಡಿಯುವ ಮುಂಚಿನ ಗುಡುಗಿನ ದಿನಗಳವು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಗುಡ್ಡದ ಮೇಲಿನ ಟ್ರಾನ್ಸ್‌ಫಾರ್ಮರಿಗೆ ಸಿಡಿಲು ಹೊಡೆದು ನಾಲ್ಕೂ ಗೋಪುರಗಳ ಕರೆಂಟು ಹೋಯಿತು. ಬದಲಿ ಜನರೇಟರು ಹತ್ತಲಿಲ್ಲ. ತೇಜಸ್ ನೆಲಮಾಳಿಗೆಯಲ್ಲಿ ಅದರ ಜೊತೆ ಗುದ್ದಾಡುತ್ತಿದ್ದ. ಕೇಂದ್ರಕ್ಕೆ ಬೇರೆ ಕಡೆಯಿಂದ ಕರೆಂಟು ಬರುತ್ತಿದ್ದುದರಿಂದ ಅನ್ವಿತಾಳಿಗೆ ತಕ್ಷಣ ತಿಳಿಯಲಿಲ್ಲ. ಸುದ್ದಿ ಸಿಕ್ಕಿ ಅವಳು ಗುಡ್ಡ ಇಳಿದು ಬರುವಾಗ ಗೋಪುರಗಳಿಂದ ಒಂದೇ ಸ್ವರ ಕೇಳುತ್ತಿತ್ತು, ಸಾವಿರಾರು ಬಾಯಿಗಳದ್ದು. ಅಷ್ಟು ಕಾಲ ಬಯಲಿನಲ್ಲಿದ್ದವರ ಮೇಲೆ ಒಮ್ಮೆಗೇ ಗೋಡೆಗಳು ಬಂದು ಬಿದ್ದಿದ್ದವು. ತಮ್ಮ ಉಸಿರೇ ತಮ್ಮ ಕಿವಿಗೆ ಹೊಡೆಯುತ್ತಿತ್ತು. ಎಲ್ಲರೂ ಕೋಣೆಯಿಂದ ಹೊರಗೆ ನುಗ್ಗಿದ್ದರು. ಓಣಿಗಳು ಕಿರಿದು, ಮೆಟ್ಟಿಲು ಇನ್ನೂ ಕಿರಿದು. ಮೇಲಿನವರು ಕೆಳಗಿನವರ ಮೇಲೆ ಬಿದ್ದರು.

ಹಗಲೆಲ್ಲ ಕೇಂದ್ರದಲ್ಲಿ ಕಳೆಯುತ್ತಿದ್ದ ಅನ್ವಿತಾಳ ಕಿವಿಗೆ ಗೋಡೆಗಳ ರೂಢಿ ತಪ್ಪಿರಲಿಲ್ಲ. ಅವಳು ಜನರನ್ನು ಸರಿಸಿಕೊಂಡು, ದಾಟಿಕೊಂಡು, ಕೆಲವು ಕಡೆ ತುಳಿದುಕೊಂಡೇ ಮೇಲೆ ಹತ್ತಬೇಕಾಯಿತು. ಇಗ್ನೇಶಿಯಸ್ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮೊಮ್ಮಗಳನ್ನು ಎದೆಗೆ ಅವಚಿಕೊಂಡು. ಮಗು ಅಳುತ್ತಿತ್ತು. ಅವರು ಉಸಿರಾಡುತ್ತಿರಲಿಲ್ಲ. ಅನ್ವಿತಾ ಮಗುವನ್ನು ಬಿಡಿಸಿ ಅಲ್ಲೇ ನಿಂತಿದ್ದ ಹೆಂಗಸಿನ ಕೈಗೆ ಕೊಟ್ಟಳು.

ಮನೆಯ ಬಾಗಿಲು ತೆರೆದೇ ಇತ್ತು. ಗುಲಾಬಿ ಹೊರಗೆ ಹೋಗಿರಲಿಲ್ಲ. ಮಂಚದ ಕೆಳಗೆ ನೆಲಕ್ಕೆ ಮುಖ ಒತ್ತಿ, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು, ಬಾಯಿ ಬಿಗಿಹಿಡಿದು ಮಲಗಿದ್ದರು. ಸದ್ದು ಮಾಡಿದರೆ ಅದು ಮರಳಿ ಬರುತ್ತದೆ ಎನ್ನುವ ಭಯಕ್ಕೆ ಕೂಗುವುದನ್ನೂ ನುಂಗಿಕೊಂಡಿದ್ದರು. ತುಟಿ ಕಚ್ಚಿ ರಕ್ತ ಬಂದಿತ್ತು. ಅನ್ವಿತಾ ಅವರ ಪಕ್ಕ ನೆಲದ ಮೇಲೆ ಮಲಗಿ, ತೋಳಿನಿಂದ ಅವರ ತಲೆಯನ್ನು ಮುಚ್ಚಿ, ಮಾತಾಡದೆ ಕಾದಳು. ಕರೆಂಟು ಬಂದಾಗ ಅವರ ಮೈ ಒಮ್ಮೆಗೇ ಸಡಿಲಾಯಿತು.

ಸತ್ತವರನ್ನು ಸಭಾಂಗಣದಲ್ಲಿ ಸಾಲಾಗಿ ಮಲಗಿಸಿದರು. ತೇಜಸ್ ಮೇಲೆ ಬಂದವನು ಕೈಯ ಎಣ್ಣೆ ಒರೆಸಿಕೊಳ್ಳದೆ ಬಾಗಿಲ ಹತ್ತಿರ ಕೂತ.

"ಬರೀ ಕರೆಂಟ್ ಹೋದದ್ದು ಅನ್ವಿ," ಎಂದ. "ಬೆಂಕಿ ಇಲ್ಲ, ನೀರು ಬರಲಿಲ್ಲ. ಇಷ್ಟು ಜನ ಎಂತಕ್ಕೆ ಸತ್ತದ್ದು ಅಂತ ನಾನು ಯಾರಿಗೆ ಹೇಳಲಿ?"

ಅವಳು ಅವನ ಭುಜದ ಮೇಲೆ ಕೈಯಿಟ್ಟಳು. ಆ ಕೋಣೆಯಲ್ಲಿ ಅವನ ಮಾತು ಬಹಳ ದೂರದಿಂದ ಬಂದಂತೆ ಕೇಳಿತ್ತು.

*

ತನಿಖೆ ನಡೆಯಿತು. ಇನ್ನು ಹಾಳೆಯನ್ನು ತೆಗೆಯುವುದೇ ಅಪಾಯ ಎಂದು ಎಲ್ಲರೂ ಒಪ್ಪಿಕೊಂಡರು. ತಜ್ಞರಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವಳು ಅನ್ವಿತಾ; ಅವಳ ಮಾತನ್ನು ಈಗ ಎಲ್ಲರೂ ನಂಬಿದರು. ಹಾಗಾಗಿ ಹಾಳೆಗಳಿಗೆ ಎಂದೂ ಕರೆಂಟು ತಪ್ಪದಂತೆ ನೋಡಿಕೊಳ್ಳುವ ಹೊಸ ವಿಭಾಗಕ್ಕೆ ಅವಳನ್ನೇ ಮುಖ್ಯಸ್ಥೆಯಾಗಿ ಮಾಡಿದರು. ಬೇಡ ಎನ್ನಲು ಅವಳಿಗೆ ಆಗಲಿಲ್ಲ. ತಾನು ಬಿಟ್ಟರೆ ಇದನ್ನು ತಿಳಿದವರು ಬೇರೆ ಇರಲಿಲ್ಲ. ಮೊದಲ ತಿಂಗಳು ಅವಳು ನಾಲ್ಕೂ ಗೋಪುರಗಳಿಗೆ ಎರಡೆರಡು ಜನರೇಟರು ಹಾಕಿಸಿದಳು. ಐದನೆಯ ಗೋಪುರದ ಪಾಯ ತೋಡುತ್ತಿದ್ದರು. ಅದರ ಕೋಣೆಗಳು ನಾಲ್ಕನೆಯದಕ್ಕಿಂತ ಚಿಕ್ಕವು. ಅದಕ್ಕೂ ಅವಳ ಸಹಿ ಬೇಕಿತ್ತು, ಅವಳು ಹಾಕಿದಳು. ಹಾಕದಿದ್ದರೆ ಬರುವ ಜನ ಮಳೆಯಲ್ಲಿ ನಿಲ್ಲಬೇಕಾಗುತ್ತಿತ್ತು.

ಬಲ್ಲಾಳರು ಕೇಂದ್ರ ಬಿಟ್ಟು ಹೋದರು. ಹೋಗುವ ಮುಂಚೆ ಮುರುವಿನ ತೊಟ್ಟಿಯ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ನಿಂತಿದ್ದರು. ನಡುನೀರಿನಲ್ಲಿ ಆ ದೊಡ್ಡ ಮೈ ಅಲುಗದೆ ತೇಲುತ್ತಿತ್ತು. ಅಂದು ನೀವು ಹತ್ತು ಜಾತಿ ಬಿಟ್ಟು ಇದೊಂದನ್ನು ಆರಿಸಿದ್ದರೆ ಇದಾದರೂ ಉಳಿಯುತ್ತಿತ್ತೋ ಏನೋ ಎಂದು ಅವರು ಹೇಳಿದರು. ಉಳಿದ ಹತ್ತರಲ್ಲಿ ಏಳು ಅಷ್ಟರಲ್ಲಿ ಹಾಳೆಯ ತೊಟ್ಟಿಗಳಲ್ಲೇ ಇಲ್ಲವಾಗಿದ್ದವು. ಅವಳು, ಇರಬಹುದು ಸಾರ್ ಎಂದಷ್ಟೇ ಹೇಳಿದಳು.

ಗುಲಾಬಿಗೆ ಮಾತ್ರ ಹಾಳೆ ಮೊದಲಿನಂತೆ ಆಗಲಿಲ್ಲ. ಆ ಮಧ್ಯಾಹ್ನದ ನಂತರ ಕೋಣೆ ಅವರಿಗೆ ಇನ್ನೂ ಇನ್ನೂ ದೊಡ್ಡದಾಗತೊಡಗಿತು. ಮಂಚದಿಂದ ಇಳಿಯಲು ಹೆದರುತ್ತಿದ್ದರು; ಒಲೆ ಅಷ್ಟು ದೂರ ಇದೆ, ನಡೆಯಲು ಕಾಲಿಗೆ ಆಗುವುದಿಲ್ಲ ಎನ್ನುತ್ತಿದ್ದರು. ಒಲೆ ಎರಡು ಹೆಜ್ಜೆ ದೂರದಲ್ಲಿತ್ತು. ಅನ್ವಿತಾ ಅವರ ಕೈ ಹಿಡಿದುಕೊಂಡಿದ್ದಾಗ ಮಾತ್ರ ಅವಳು ಹತ್ತಿರ ಇದ್ದಾಳೆ ಎಂದು ಅವರು ಒಪ್ಪುತ್ತಿದ್ದರು. ಕೈ ಬಿಟ್ಟ ಕೂಡಲೇ ಅವರ ಕಣ್ಣು ಅವಳನ್ನು ದೂರದಲ್ಲಿ ಹುಡುಕುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅನ್ವಿತಾ ಒಲೆಯ ಮುಂದೆ ಗಂಜಿ ಇಳಿಸುತ್ತಿದ್ದಳು. ಗುಲಾಬಿ ಮಂಚದ ಮೇಲೆ ಕೂತು, ಎರಡೂ ಕೈಯನ್ನು ಬಾಯಿಯ ಬದಿಗೆ ಹಿಡಿದು, ಮೂರು ಗದ್ದೆಯಾಚೆ ಕೇಳುವ ತಮ್ಮ ಹಳೆಯ ಸ್ವರದಲ್ಲಿ ಕರೆದರು.

"ಓ ಅನ್ವಿತಾ... ನೀನು ಅಲ್ಲೇ ಉಂಟಾ?"

ಅನ್ವಿತಾ ತಿರುಗಿದಳು. ಅತ್ತೆ ಕೈಗೆಟುಕುವಷ್ಟು ಹತ್ತಿರ ಇದ್ದರು. ಆದರೆ ಅವರ ಕಣ್ಣು ಅವಳ ಮೇಲೆ ನಿಲ್ಲದೆ ಅವಳ ಬೆನ್ನ ಹಿಂದೆ ಎಲ್ಲೋ ನೋಡುತ್ತಿತ್ತು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅವಳು ಪಾತ್ರೆ ಕೆಳಗಿಟ್ಟು, ಎದೆ ತುಂಬ ಉಸಿರು ತೆಗೆದುಕೊಂಡು, ಆಚೆ ದಡದವರನ್ನು ಕರೆಯುವಂತೆ ಗಟ್ಟಿಯಾಗಿ ಕೂಗಿದಳು.

"ಇದ್ದೇನೆ ಅತ್ತೆ. ಬರ್ತಾ ಇದ್ದೇನೆ."